ಡಿಗ್ರಿ ಆಯ್ತಲ್ವಾ, ಇನ್ನೇನು?

ವಿದ್ಯಾನಗರದ ನಮ್ಮ ಕಾಸರಗೋಡು ಸರಕಾರಿ ಕಾಲೇಜು ಶುರುವಾದದ್ದು 1957ರಲ್ಲಿ. ಅದಕ್ಕೆ ಐವತ್ತು ತುಂಬಿದ ವರ್ಷವೇ ನಾನು ಕನ್ನಡ ಬಿ.ಎ. ಮುಗಿಸಿ ಹೊರಗೆ ಬಂದೆ. ಮನೆಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದರು. "ಡಿಗ್ರಿ ಆಯ್ತಲ್ವಾ, ಇನ್ನೇನು?"

ಕ್ಲಾಸಿನವರು ದಿಕ್ಕಿಗೊಬ್ಬರಾದರು. ಕೆಲವರು ಎಂ.ಎ.ಗೆ ಅಲ್ಲೇ ಉಳಿದರು. ಒಬ್ಬಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಹೋದಳು. ಇಬ್ಬರು ದುಬೈ ವಿಮಾನ ಹತ್ತಿದರು. ಪೆರ್ಲದ ಗೆಳೆಯ ಅಪ್ಪನ ಅಡಿಕೆ ತೋಟಕ್ಕೆ ಇಳಿದ. "ಇಷ್ಟು ಓದಿ ಏನು ಬಂತು?" ಎಂದು ಅವನ ಮುಖಕ್ಕೇ ಹೇಳಿದವರಿದ್ದರು. ಆ ಮಾತು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಓದಿದವನು ತೋಟ ಮಾಡಬಾರದು ಎಂದು ಯಾರು ಹೇಳಿದ್ದು?

ನಾನು ಬಿ.ಎಡ್. ಮಾಡಿದೆ. ಆಗ ಅದು ಒಂದೇ ವರ್ಷ. ಆಮೇಲೆ ಮಂಗಳೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಸೀಸನ್ ಟಿಕೆಟ್, ಬೆಳಗ್ಗಿನ ರೈಲು. ಕುಂಬಳೆಯಲ್ಲಿ ಗೆಳತಿ ಹತ್ತುತ್ತಿದ್ದಳು. ಇಬ್ಬರೂ ಪಿ.ಎಸ್.ಸಿ.ಗೆ, ಅಂದರೆ ಸರಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಕೇರಳ ಪಬ್ಲಿಕ್ ಸರ್ವಿಸ್ ಕಮಿಷನ್ನಿನ ಪರೀಕ್ಷೆಗೆ ಓದುತ್ತಿದ್ದೆವು. ಕನ್ನಡ ಮೀಡಿಯಮ್ಮಿನವರು ನಾವು, ಕೈಗೆ ಸಿಕ್ಕಿದ ಗೈಡುಗಳೆಲ್ಲ ಮಲಯಾಳದವು. ಅವಳು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. 'ಒಳಿವ್' ಅಂದರೆ ಖಾಲಿ ಹುದ್ದೆ. 'ನಿಯಮನಂ' ಅಂದರೆ ನೇಮಕಾತಿ. 'ಅಪೇಕ್ಷ' ಅಂದರೆ ಅರ್ಜಿ. ನಮ್ಮ ಕನ್ನಡದಲ್ಲಿ ಅಪೇಕ್ಷೆ ಅಂದರೆ ಆಸೆ, ಅಲ್ವಾ? ಆ ವರ್ಷಗಳಲ್ಲಿ ಎಷ್ಟು ಅಪೇಕ್ಷೆ ಹಾಕಿದೆವೋ ಲೆಕ್ಕವಿಲ್ಲ.

ಕೇರಳದಲ್ಲಿ ಕನ್ನಡ ಟೀಚರ್ ಹುದ್ದೆ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆಯಲ್ಲೇ. ಯಾರಾದರೂ ರಿಟೈರ್ ಆಗಬೇಕು, ಆಗ ಒಂದು ಖಾಲಿ. ಪರೀಕ್ಷೆಯಲ್ಲಿ ಆಯ್ಕೆಯಾದವರ ರಾಂಕ್ ಲಿಸ್ಟಿಗೆ ಜಾಸ್ತಿಯೆಂದರೆ 3 ವರ್ಷ ಆಯಸ್ಸು. ಅಷ್ಟರಲ್ಲಿ ಸರದಿ ಬಾರದಿದ್ದರೆ ಮತ್ತೆ ಮೊದಲಿನಿಂದ ಪರೀಕ್ಷೆ. ಗೆಳತಿಯ ಮೇಲೆ ಇನ್ನು ಇಬ್ಬರೇ ಇದ್ದಾಗ ಲಿಸ್ಟಿನ ಅವಧಿ ಮುಗಿಯಿತು. ನನ್ನ ಹೆಸರಂತೂ ತುಂಬ ಕೆಳಗಿತ್ತು. ಆ ಸಂಜೆ ರೈಲಿನಲ್ಲಿ ಅವಳು ಗೈಡು ತೆರೆಯಲಿಲ್ಲ. ಉಪ್ಪಳ ದಾಟುವವರೆಗೂ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಮರುದಿನ ಬೆಳಿಗ್ಗೆ ತೆರೆದಳು.

ಆ ದಿನಗಳಲ್ಲಿ ಕಾಲೇಜಿನ ಕಡೆ ಬರಲು ನನಗೆ ನಾಚಿಕೆಯಾಗುತ್ತಿತ್ತು. ಒಮ್ಮೆ ಮಾರ್ಕ್ಸ್ ಕಾರ್ಡಿನ ನಕಲಿಗೆ ಸಹಿ ಹಾಕಿಸಲು ಬರಲೇಬೇಕಾಯಿತು. ವರಾಂಡದಲ್ಲಿ ನಮ್ಮ ಕನ್ನಡ ಸರ್ ಎದುರಾದರು. ಕೆಲಸ ಸಿಕ್ಕಿತಾ ಎಂದು ಅವರು ಕೇಳಲಿಲ್ಲ. "ಈಗ ಏನು ಓದ್ತಾ ಇದ್ದೀ?" ಎಂದು ಕೇಳಿದರು. ಗೈಡು ಬಿಟ್ಟು ಬೇರೇನೂ ಓದುತ್ತಿರಲಿಲ್ಲ ನಾನು. ಹಾಗೆಂದೆ. ಸರ್ ತಮ್ಮ ಚೀಲದಿಂದ ಒಂದು ಕಥಾಸಂಕಲನ ತೆಗೆದು ಕೊಟ್ಟರು, ವಾಪಸ್ ಕೊಡುವ ನೆವದಲ್ಲಾದರೂ ಬಾ ಎಂದರು. ಬಂದೆ. ಹಾಗೆ ಎಷ್ಟೋ ಸಲ ಬಂದೆ.

ಮುಂದಿನ ಲಿಸ್ಟಿನಲ್ಲಿ ಗೆಳತಿಗೂ ನನಗೂ ಕೆಲಸವಾಯಿತು.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಇದೇ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ್ದಾಳೆ. ಪಿ.ಎಸ್.ಸಿ.ಯ ತುಳಸಿ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕಂತೆ, ಗೊತ್ತಾಗುತ್ತಿಲ್ಲವಂತೆ. ಸರ್ಟಿಫಿಕೇಟ್, ಫೋಟೊ ಹಿಡಿದುಕೊಂಡು ಭಾನುವಾರ ಬಾ ಎಂದಿದ್ದೇನೆ. ಗೆಳತಿಯ ಆ ಗೈಡು ಈಗ ನನ್ನ ಹತ್ತಿರ ಇದೆ. ಪೆನ್ಸಿಲಿನ ಅಕ್ಷರ ಇನ್ನೂ ಮಾಸಿಲ್ಲ. ಅದನ್ನೂ ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ, ಒಂದು ಕಥಾಸಂಕಲನದ ಜೊತೆಗೆ.