ಕಪ್ಪುಕುಳಿಗಳ ಗಣತಿ: ಕೇಳಿಸದವುಗಳನ್ನೂ ಲೆಕ್ಕಕ್ಕೆ ಸೇರಿಸಿದ ಹಂತ

ಗುರುತ್ವ ಅಲೆಗಳ (ಭಾರಿ ಕಾಯಗಳು ಒಂದರೊಡನೊಂದು ಸೇರುವಾಗ ದೇಶಕಾಲದಲ್ಲಿ ಏಳುವ ತರಂಗಗಳ) ಮುಕ್ತ ದತ್ತಾಂಶವನ್ನು ಇಟ್ಟುಕೊಂಡು, ವಿಲೀನವಾಗುವ ಕಪ್ಪುಕುಳಿ ಜೋಡಿಗಳ ದ್ರವ್ಯರಾಶಿ ವಿಶ್ವದಲ್ಲಿ ಹೇಗೆ ಹಂಚಿಹೋಗಿದೆ ಎಂದು ಮನೆಯ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ನನ್ನ ಹವ್ಯಾಸದ ಕೆಲಸ ಈಗ ಕಠಿಣವಾದ ಘಟ್ಟವನ್ನು ದಾಟಿದೆ. ಈ ಅಲೆಗಳನ್ನು ಹಿಡಿಯುವ ಲೈಗೊ, ವರ್ಗೊ, ಕಾಗ್ರಾ ಶೋಧಕಗಳ ತಂಡಗಳು 2021ರಲ್ಲಿ ಹೊರತಂದ ಮೂರನೆಯ ಪಟ್ಟಿಯ 90 ಘಟನೆಗಳಲ್ಲಿ, ನ್ಯೂಟ್ರಾನ್ ತಾರೆಗಳಿರುವವನ್ನು ಬಿಟ್ಟು ಉಳಿದವನ್ನು ತೆಗೆದುಕೊಂಡಿದ್ದೇನೆ.

ಪಟ್ಟಿಯನ್ನು ಇದ್ದ ಹಾಗೆಯೇ ಎಣಿಸಿದರೆ ಭಾರಿ ಕಪ್ಪುಕುಳಿಗಳೇ ಹೆಚ್ಚು ಎನ್ನಿಸುತ್ತದೆ. ಜಂಬೂಸವಾರಿಯ ದಿನ ಸರಸ್ವತೀಪುರದ ನಮ್ಮ ಮನೆಯವರೆಗೆ ಕುಶಾಲತೋಪಿನ ಸದ್ದು ಬರುತ್ತದೆ, ನಾದಸ್ವರ ಬರುವುದಿಲ್ಲ. ಹಾಗೆಂದು ಮೆರವಣಿಗೆಯಲ್ಲಿ ನಾದಸ್ವರವಿರಲಿಲ್ಲ ಎನ್ನಲಾಗದು. ತಲಾ 30 ಸೌರರಾಶಿಯ (ಸೂರ್ಯನ 30 ಪಟ್ಟು ದ್ರವ್ಯರಾಶಿಯ) ಜೋಡಿಯೊಂದು, ತಲಾ 10 ಸೌರರಾಶಿಯ ಜೋಡಿಗಿಂತ ಸುಮಾರು 15 ಪಟ್ಟು ದೊಡ್ಡ ಘನಗಾತ್ರದೊಳಗೆ ಎಲ್ಲಿದ್ದರೂ ಶೋಧಕಕ್ಕೆ ಕೇಳಿಸುತ್ತದೆ. ಈ ಪಕ್ಷಪಾತವನ್ನು ಕಳೆಯಲು, ತಂಡದವರೇ ದತ್ತಾಂಶದೊಳಗೆ ಕೃತಕವಾಗಿ ಸೇರಿಸಿದ ಸಂಕೇತಗಳಲ್ಲಿ ಯಾವುವು ಪತ್ತೆಯಾದವು ಎಂಬ ಕಡತಗಳನ್ನು ಬಳಸಿಕೊಂಡೆ. ಇಡೀ ಲೆಕ್ಕದ ಜೀವ ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ಘಟನೆಯೊಂದರ ದ್ರವ್ಯರಾಶಿಯೂ ಒಂದೇ ಅಂಕಿಯಲ್ಲ. 2019ರ ಮೇ 21ರ ಘಟನೆಯಲ್ಲಿ ದೊಡ್ಡ ಕುಳಿಯದು 85 ಸೌರರಾಶಿ ಎನ್ನುತ್ತಾರಾದರೂ ಅದು 71ರಿಂದ 106ರವರೆಗೆ ಎಲ್ಲಿಯೂ ಇರಬಹುದು. ಆ ಸಂಕೇತ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೇ ಇತ್ತು. ಅದರಲ್ಲಿ ಬಹುಪಾಲು ವಿಲೀನದ ಕ್ಷಣ ಮತ್ತು ಆಮೇಲಿನ ಅನುರಣನ, ಅಂದರೆ ಹೊಸದಾಗಿ ಹುಟ್ಟಿದ ಕುಳಿ ಬಾರಿಸಿದ ಗಂಟೆಯಂತೆ ಮಿಡಿದು ಶಾಂತವಾಗುವುದು. (ಕಪ್ಪುಕುಳಿಯ ಈ ಅನುರಣನವನ್ನು 1970ರಲ್ಲಿ ಮೊದಲು ತೋರಿಸಿಕೊಟ್ಟ ಸಿ.ವಿ. ವಿಶ್ವೇಶ್ವರ ಅವರು ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ.) ಸುಮಾರು 65ರಿಂದ 120 ಸೌರರಾಶಿಯ ನಡುವಿನ ಕಪ್ಪುಕುಳಿ ಒಂಟಿ ನಕ್ಷತ್ರದ ಕುಸಿತದಿಂದ ಹುಟ್ಟದು, ಅಂಥ ನಕ್ಷತ್ರ ಏನೂ ಉಳಿಯದಂತೆ ಸ್ಫೋಟಿಸುತ್ತದೆ ಎಂಬುದು ಸಿದ್ಧಾಂತ. ಆದರೂ ಈ ಘಟನೆಯನ್ನು ಕೈಬಿಡದೆ, ಅದರ ದ್ರವ್ಯರಾಶಿಯ ಸಾಧ್ಯ ಬೆಲೆಗಳನ್ನು ತೋರಿಸುವ ಸಾವಿರಾರು ಮಾದರಿ ಬಿಂದುಗಳಲ್ಲಿ ಪ್ರತಿಯೊಂದಕ್ಕೂ, ಮೂಲ ವಿಶ್ಲೇಷಣೆಯ ಪೂರ್ವಕಲ್ಪನೆಯನ್ನು (ದತ್ತಾಂಶ ನೋಡುವ ಮೊದಲೇ ಯಾವ ಬೆಲೆ ಎಷ್ಟು ಸಂಭವ ಎಂದು ಇಟ್ಟುಕೊಂಡ ಊಹೆಯನ್ನು) ಭಾಗಿಸಿ ತೆಗೆದು, ನನ್ನ ಹಂಚಿಕೆಯ ಪ್ರಕಾರ ಹೊಸ ತೂಕ ಕೊಟ್ಟಿದ್ದೇನೆ.

ಹೀಗೆ ತಿದ್ದಿದ ನಕ್ಷೆಯಲ್ಲಿ 10 ಸೌರರಾಶಿಯ ಬಳಿ ಎತ್ತರದ ಶಿಖರ, 35ರ ಆಸುಪಾಸಿನಲ್ಲಿ ಸಣ್ಣ ಉಬ್ಬು, ಆಮೇಲೆ ಕಡಿದಾದ ಇಳಿಜಾರು ಕಾಣುತ್ತವೆ. ತಂಡದವರು ಪ್ರಕಟಿಸಿದ ಚಿತ್ರವೂ ಇದೇ. 35ರ ಉಬ್ಬಿಗೆ ಕಾರಣವೇನೆಂಬುದು ಇನ್ನೂ ಚರ್ಚೆಯಲ್ಲಿದೆ.

2025ರ ನಾಲ್ಕನೆಯ ಪಟ್ಟಿ ಇನ್ನೂ 128 ಘಟನೆಗಳನ್ನು ಸೇರಿಸಿದೆ. ಶೋಧಕಗಳ ಸೂಕ್ಷ್ಮತೆ ಹೆಚ್ಚಿರುವುದರಿಂದ, ಅವುಗಳನ್ನು ಲೆಕ್ಕಕ್ಕೆ ತರುವ ಮೊದಲು ಕೃತಕ ಸಂಕೇತಗಳ ಕಡತವನ್ನೂ ಬದಲಿಸಬೇಕು. ಈಗ ಕೈಗೆತ್ತಿಕೊಂಡಿರುವುದು ಆ ಕೆಲಸವನ್ನೇ.