ಸ್ಕಾರ್ಪಿಯೊ, ಕ್ರೂಸರ್ ಮತ್ತು ಅವ್ವನ ಮೊಣಕಾಲು

ಏಳು ಸೀಟಿನ ಗಾಡಿ ತಗೊಳ್ಳೋರು ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಬೇಕು. ಮೂರನೇ ಸಾಲಿನಲ್ಲಿ ಕೂರುವವರು ಯಾರು? ಅವರ ಹೆಸರು, ವಯಸ್ಸು, ಮೊಣಕಾಲಿನ ಪರಿಸ್ಥಿತಿ ಎಲ್ಲಾ ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದಂಗೆ. ಎಂಜಿನ್, ಸನ್‌ರೂಫ್, ಸ್ಕ್ರೀನ್ ಸೈಜು ಎಲ್ಲಾ ಆಮೇಲಿನ ಮಾತು.

ನಮ್ಮ ಮನೆಯಲ್ಲಿ ಏಳು ಜನ. ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಇನ್ನೂ ಮದುವೆ ಆಗದ ತಮ್ಮ. ಗದಗಿನಿಂದ ಅಕ್ಕನ ಮನೆಯವರು ಬಂದರೆ ಹನ್ನೊಂದು. ಹಳೇ ವ್ಯಾಗನ್ ಆರ್ ಇನ್ನು ಸಾಕು ಅಂತ ಎಲ್ಲರೂ ಒಪ್ಪಿದರು, ಆದರೆ ಯಾವುದು ಬೇಕು ಅನ್ನೋದರಲ್ಲಿ ಮನೆ ಎರಡು ಪಾರ್ಟಿ ಆಯ್ತು. ತಮ್ಮನದು ಸ್ಕಾರ್ಪಿಯೊ-ಎನ್. ಅಪ್ಪನದು ಫೋರ್ಸ್ ಕಂಪನಿಯ ಕ್ರೂಸರ್. ನನ್ನ ಹೆಂಡತಿ ಮಾತ್ರ "ಸೋಮವಾರದಿಂದ ಶನಿವಾರದ ತನಕ ಓಡಿಸೋಕಿ ನಾನು, ನನ್ನ ಯಾರೂ ಕೇಳವಲ್ರಿ" ಅಂದಳು. ಅದು ಬರೋಬ್ಬರಿ ಇತ್ತು.

ಮೊದಲು ಸ್ಕಾರ್ಪಿಯೊ ವಿಷಯ. ಗಾಡಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 2022ರಲ್ಲಿ ಗಾಡಿಯನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ತಗೊಂಡಿದೆ, 2.2 ಲೀಟರ್ ಡೀಸೆಲ್ ಎಂಜಿನ್ನಿನ ಎಳೆತ ಬೇರೆಯೇ. ಶೋರೂಮಿನ ಹುಡುಗ "ಸರ್, ಏಳು ಜನ ಆರಾಮ್ ಕೂಡ್ರತಾರ್ರಿ" ಅಂದ. ಅವ್ವನನ್ನು ಕರೆದುಕೊಂಡೇ ಹೋಗಿದ್ದೆವು. ಅವ್ವ ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದು ಕೈಯಲ್ಲಿ ಹಿಡಿಕೆ ಹಿಡಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು ಅಲ್ಲೇ ನಿಂತಳು. "ಇದನ್ನ ಹತ್ತಾಕ ನಿಚ್ಚಣಿಕಿ ಬೇಕಲ್ಲೋ ಯಪ್ಪಾ" ಅಂದಳು. ಅದು ಎರಡನೇ ಸಾಲಿಗೆ ಹತ್ತುವಾಗಿನ ಮಾತು. ಮೂರನೇ ಸಾಲಿಗೆ ನಾನೇ ಹೋಗಿ ಕೂತೆ. ಮೊಣಕಾಲು ಎದೆಯ ಹತ್ತಿರ ಬಂತು, ಎಸಿ ಗಾಳಿಯ ಕಿಂಡಿ ಅಲ್ಲಿಗೆ ಇಲ್ಲ, ಹಿಂದೆ ಡಿಕ್ಕಿಯಲ್ಲಿ ಒಂದೆರಡು ಕೈಚೀಲ ಬಿಟ್ಟರೆ ಜಾಗ ಇಲ್ಲ. ತಮ್ಮ ಹೊರಗೆ ನಿಂತು ಬಾನೆಟ್ ಸವರುತ್ತಿದ್ದ.

ಹೀಗ್ಯಾಕೆ ಆಗುತ್ತೆ ಅಂದ್ರೆ, ಇಂಥ ಗಾಡಿಗಳು ಲಾರಿಗಳ ಹಂಗೆ ಉದ್ದನೆಯ ಚಾಸಿ, ಅಂದ್ರೆ ಕಬ್ಬಿಣದ ಚೌಕಟ್ಟಿನ ಮೇಲೆ ನಿಂತಿರುತ್ತವೆ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋದರಿಂದ ಹಿಂದಿನ ಸೀಟಿನ ಕೆಳಗೆ ಆಕ್ಸಲ್, ಡಿಫರೆನ್ಶಿಯಲ್ ಎಲ್ಲಾ ಬರುತ್ತೆ. ಅದಕ್ಕೆ ನೆಲ ಮೇಲೇರುತ್ತೆ, ಸೀಟು ಮಾತ್ರ ಅಲ್ಲೇ ಉಳಿಯುತ್ತೆ. ಮಾರುತಿ ಎರ್ಟಿಗಾ, ಕಿಯಾ ಕಾರೆನ್ಸ್ ಥರದವು ಚಾಸಿ ಇಲ್ಲದ ಬಾಡಿ, ಮುಂದಿನ ಚಕ್ರದಿಂದ ಓಡುತ್ತವೆ, ನೆಲ ಕೆಳಗಿರುತ್ತೆ. ಕಾಲು ಚಾಚಲು ಒಂದಿಷ್ಟು ಜಾಗ ಸಿಗೋದು ಅದರಿಂದಲೇ.

ಇನ್ನು ಅಪ್ಪನ ಕ್ರೂಸರ್. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ, ಬನಶಂಕರಿ ಜಾತ್ರೆಗೆ, ಬೀಗರೂರಿನ ಮದುವೆಗೆ, ಎಲ್ಲದಕ್ಕೂ ಕ್ರೂಸರ್. ಮೇಲೆ ಕ್ಯಾರಿಯರ್‌ನಲ್ಲಿ ಗಂಟುಮೂಟೆ, ಒಳಗೆ ಎದುರುಬದುರು ಬೆಂಚಿನಲ್ಲಿ ಮಂದಿ, ಮಧ್ಯದಲ್ಲಿ ರೊಟ್ಟಿ ಬುತ್ತಿ, ಶೇಂಗಾ ಚಟ್ನಿ ಡಬ್ಬಿ. ಹರಟೆಗೆ ಅದಕ್ಕಿಂತ ಒಳ್ಳೆ ಗಾಡಿ ಇಲ್ಲ. ಆದರೆ ಆ ಬೆಂಚಿನಲ್ಲಿ ಅಡ್ಡ ಕೂತು ಅರಬೈಲ್ ಘಾಟ್ ಇಳಿದ ಮಕ್ಕಳನ್ನು ಕೇಳಿ ನೋಡಿ. ಯಲ್ಲಾಪುರ ದಾಟುವ ಮೊದಲೇ ಕೈಗೆ ಪ್ಲಾಸ್ಟಿಕ್ ಚೀಲ ಕೊಟ್ಟಿರಬೇಕು.

ಅಪ್ಪನ ಬಳಿ ಇದಕ್ಕೂ ಉತ್ತರ ಇತ್ತು. ಫೋರ್ಸ್ ಕಂಪನಿ 2023ರಲ್ಲಿ ಸಿಟಿಲೈನ್ ಅಂತ ಒಂದು ಬಿಟ್ಟಿದೆ, ಡ್ರೈವರ್ ಸೇರಿ ಹತ್ತು ಜನ, ಎಲ್ಲರೂ ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ, ಸಾಲು 2, 3, 2, 3. ಜಿಎಸ್‌ಟಿ ಲೆಕ್ಕವೂ ಅಪ್ಪನ ಕಡೆಗೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ಡ್ರೈವರ್ ಸೇರಿ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೂರುವ ಗಾಡಿಗೆ ಶೇ 18, ಸ್ಕಾರ್ಪಿಯೊ-ಎನ್ ಥರದ ದೊಡ್ಡ ಗಾಡಿಗೆ ಶೇ 40. ಲೈಸೆನ್ಸಿನ ಚಿಂತೆಯೂ ಇಲ್ಲ, 7,500 ಕೆಜಿ ಒಳಗಿನ ಗಾಡಿಗೆ ಕಾರು ಓಡಿಸುವ ಸಾದಾ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಮತ್ತೊಮ್ಮೆ ಹೇಳಿದೆ. ಅಪ್ಪ ಪೇಪರ್ ಓದೋದು ಸುಮ್ನೆ ಅಲ್ಲ.

ಆದ್ರೂ ನಾನು ಒಪ್ಪಲಿಲ್ಲ. ಒಂದು, ಸ್ಟಾರ್ ಲೆಕ್ಕ. ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇರೋದು ಡ್ರೈವರ್ ಬಿಟ್ಟು ಎಂಟು ಸೀಟಿನ ತನಕದ ಗಾಡಿಗೆ ಮಾತ್ರ. ಹತ್ತು ಸೀಟಿನ ವ್ಯಾನ್ ಆ ಪಟ್ಟಿಗೇ ಬರೋಲ್ಲ, ಒಳ್ಳೇದೋ ಕೆಟ್ಟದ್ದೋ ನೋಡಿ ಹೇಳಲು ಅಂಕಿ ಇಲ್ಲ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಇಟಿಗಟ್ಟಿ ಹತ್ತಿರ 2021ರ ಜನವರಿಯಲ್ಲಿ ಟಿಪ್ಪರಿಗೆ ಡಿಕ್ಕಿಯಾದ ಟೆಂಪೊ ಟ್ರಾವೆಲರ್ ನೆನಪಿದೆಯಲ್ವಾ? ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು. ಆ ರಸ್ತೆಯಲ್ಲಿ ಓಡಾಡುವ ನನಗೆ ಅದನ್ನು ಬದಿಗಿಟ್ಟು ಗಾಡಿ ಆರಿಸಲು ಆಗೋಲ್ಲ. ತಪ್ಪು ಗಾಡಿಯದ್ದು ಅಂತ ನಾನು ಹೇಳುತ್ತಿಲ್ಲ, ರಸ್ತೆ ಅಗಲ ಇಲ್ಲದ್ದೇ ದೊಡ್ಡ ಕಾರಣ ಅಂತ ಊರೆಲ್ಲ ಕೂಗಾಡಿತ್ತು. ಆದರೆ ತುಂಬಿದ ಗಾಡಿ ಓವರ್‌ಟೇಕ್ ಮಾಡುವಾಗ ಎಷ್ಟು ಹೊತ್ತು ಎದುರು ದಿಕ್ಕಿನಲ್ಲಿ ಇರುತ್ತದೆ ಅನ್ನೋದೂ ಮುಖ್ಯ. ಸಿಟಿಲೈನಿನ ಎಂಜಿನ್ 91 ಅಶ್ವಶಕ್ತಿ, ಒಳಗೆ ಹತ್ತು ಜನ.

ಎರಡನೇದು ನಮ್ಮ ಓಣಿ. ಹಳೇ ಹುಬ್ಬಳ್ಳಿಯ ಓಣಿ ಅಂದ್ರೆ ಒಂದು ಕಡೆ ಗಟಾರ, ಇನ್ನೊಂದು ಕಡೆ ಪಕ್ಕದ ಮನೆಯವರ ಬೈಕು, ಮೂಲೆಯಲ್ಲಿ ಕೆಇಬಿ ಕಂಬ. ಕ್ರೂಸರ್ ಜಾತಿಯ ಗಾಡಿ ಐದು ಮೀಟರ್ ದಾಟುತ್ತದೆ. ಸ್ಕಾರ್ಪಿಯೊ-ಎನ್ ಅಗಲವೇ 1,917 ಮಿ.ಮೀ., ಅದೂ ಕನ್ನಡಿ ಬಿಟ್ಟು. ನಾನು ಟೇಪು ಹಿಡಿದು ಕಂಬಕ್ಕೂ ಗಟಾರಕ್ಕೂ ನಡುವೆ ಅಳೆದೆ. ಬಾಗಿಲು ತೆಗೆದರೆ ಇಳಿಯುವವರ ಕಾಲು ಗಟಾರದ ಕಲ್ಲಿನ ಮೇಲೆ. ದುರ್ಗದ ಬೈಲಿಗೆ ಸಂಜೆ ಹೊತ್ತು ಒಯ್ಯುವ ಮಾತಂತೂ ಬಿಡಿ.

ಈಕೊ ಬಗ್ಗೆ ಯಾರೋ ಹೇಳಿದರು. ಸರಿಯುವ ಬಾಗಿಲು ಒಳ್ಳೇದು, ಅವ್ವನಿಗೆ ಹತ್ತಲು ಸುಲಭ, ಬೆಲೆಯೂ ಕಡಿಮೆ. ಆದರೆ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುತ್ತದೆ, ಏಪ್ರಿಲ್ ತಿಂಗಳ ಬಿಸಿಲಲ್ಲಿ ಅಣ್ಣಿಗೇರಿ ದಾಟುವಷ್ಟರಲ್ಲಿ ಕೆಳಗಿನಿಂದಲೂ ಬಿಸಿ, ಮೇಲಿನಿಂದಲೂ ಬಿಸಿ. ಓಮ್ನಿ ಕಾಲದಲ್ಲಿ ಸಹಿಸಿದ್ದೇ ಸಾಕು.

ಒಂದು ಲೆಕ್ಕ ಯಾರೂ ಹಾಕೋದಿಲ್ಲ. ಹನ್ನೊಂದು ಜನ ಒಟ್ಟಿಗೆ ಹೋಗೋದು ವರ್ಷಕ್ಕೆ ಎಷ್ಟು ಸಲ? ಜಾತ್ರೆಗೆ, ಮದುವೆಗೆ, ಬೇಸಿಗೆ ರಜೆಯಲ್ಲಿ ಗೋಕರ್ಣಕ್ಕೆ. ಅಷ್ಟಕ್ಕೆ ಹಳದಿ ಬೋರ್ಡಿನ ಕ್ರೂಸರ್ ಬಾಡಿಗೆಗೆ ಸಿಗುತ್ತೆ, ಡ್ರೈವರ್ ಜತೆಗೇ ಬರ್ತಾನೆ, ಘಾಟಿನಲ್ಲಿ ನಾನೂ ಕಿಟಕಿ ಹೊರಗೆ ನೋಡಬಹುದು. ಉಳಿದ ದಿನ ಗಾಡಿಯಲ್ಲಿ ಇಬ್ಬರೋ ಮೂವರೋ. ಇನ್ನು ಅವ್ವ, 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಂಡು ಅಕ್ಕನ ಮನೆಗೆ ಬಸ್ಸಿನಲ್ಲೇ ಹೋಗಿ ಬರ್ತಾಳೆ. ನಾವು ಬಿಡ್ತೀವಿ ಅಂದ್ರೂ "ಫ್ರೀ ಐತಿ, ಸುಮ್ನ ಯಾಕ ಎಣ್ಣಿ ಸುಡತೀರಿ" ಅಂತಾಳೆ.

ಎರ್ಟಿಗಾ ಹತ್ತಿರ ಹತ್ತಿರ ಮುಗಿದೇ ಹೋಗಿತ್ತು. ಸಿಎನ್‌ಜಿ ಖರ್ಚು ಕಡಿಮೆ, ಮೆಕ್ಯಾನಿಕ್ ಎಲ್ಲಿ ಬೇಕಾದರೂ ಸಿಗುತ್ತಾನೆ. ಆದರೆ 2024ರ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಒಂದೇ ಸ್ಟಾರ್ ಬಂದಿತ್ತು. ಆಗ ಪರೀಕ್ಷೆ ಮಾಡಿದ್ದು ಎರಡು ಏರ್‌ಬ್ಯಾಗಿನ ಗಾಡಿ, 2025ರಲ್ಲಿ ಆರು ಏರ್‌ಬ್ಯಾಗ್ ಕೊಟ್ಟಿದ್ದಾರೆ, ಆದ್ರೂ ನನ್ನ ಮನಸ್ಸು ಹಿಂದೇಟು ಹಾಕಿತು. ಸಿಎನ್‌ಜಿ ಸಿಲಿಂಡರ್ ಡಿಕ್ಕಿ ನುಂಗುತ್ತೆ ಅನ್ನೋದೂ ಇತ್ತು. ಇನ್ನೋವಾ ಹೈಕ್ರಾಸ್ ನೋಡಿದೆವು, ಮೂರನೇ ಸಾಲು ನಿಜಕ್ಕೂ ಮನುಷ್ಯರು ಕೂರುವಂಥದ್ದು. ಆದರೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ 10 ಲಕ್ಷದಿಂದ 20 ಲಕ್ಷದ ತನಕ ಶೇ 17, ಮೇಲೆ ಹೋದರೆ ಶೇ 18, ಅದರ ಮೇಲೆ ಸೆಸ್. ರಸ್ತೆಗಿಳಿಯುವ ಹೊತ್ತಿಗೆ ನಮ್ಮ ಬಜೆಟ್ ಎಲ್ಲೋ ಹಿಂದೆ ಉಳಿದಿತ್ತು.

ಹಂಗಾಗಿ ಕಾರೆನ್ಸ್ ಡೀಸೆಲ್. ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ) 2,780 ಮಿ.ಮೀ., ಎಸಿ ಕಿಂಡಿ ಹಿಂದಿನ ಸಾಲಿಗೂ ಇದೆ, ಬಟನ್ ಒತ್ತಿದರೆ ಮಧ್ಯದ ಸೀಟು ಮಡಚಿ ಮೂರನೇ ಸಾಲಿಗೆ ದಾರಿ ಬಿಡುತ್ತೆ. ಅವ್ವ ಮಧ್ಯದ ಸಾಲಿನಲ್ಲಿ ಯಾರ ಕೈ ಹಿಡಿಯದೆ ಹತ್ತಿ ಕೂತಳು. ಮೂರನೇ ಸಾಲು ತಮ್ಮನಿಗೂ ನನ್ನ ಮಗನಿಗೂ. ತಮ್ಮ ಇನ್ನೂ ಸಿಟ್ಟಿನಲ್ಲಿದ್ದಾನೆ, "ಅಣ್ಣಾ, ಇದಕ್ಕ ಎಸ್‌ಯುವಿ ಅಂತ ಯಾರು ಅಂತಾರ" ಅಂತ ದಿನಾ ಒಂದು ಸಲ ಕೇಳ್ತಾನೆ. ಯಾರೂ ಅನ್ನೋದು ಬೇಡ ಅಂದೆ. ಬಣ್ಣ ಅವನೇ ಆರಿಸಲಿ ಅಂತ ಬಿಟ್ಟಿದ್ದೇನೆ, ಕಪ್ಪು ಒಂದನ್ನು ಬಿಟ್ಟು, ನಮ್ಮೂರಿನ ಧೂಳಿಗೆ ಅದನ್ನು ದಿನಾ ತೊಳೆಯುವವರು ಯಾರು. ಈ ವಾರ ಬುಕಿಂಗ್.