ಅಳಿವೆಗಳ ಲೆಕ್ಕ: ಐದು ಮುಗಿಯಿತು, ಬೈಂದೂರು ಉಳಿದಿದೆ

ನೇತ್ರಾವತಿಯಿಂದ ಬೈಂದೂರಿನವರೆಗೆ ನಮ್ಮ ದೊಡ್ಡ ಹೊಳೆಗಳು ಕಡಲು ಸೇರುವ ಅಳಿವೆಗಳನ್ನು ಒಂದೊಂದಾಗಿ ನೋಡುವ ಕೆಲಸ ಆರಂಭಿಸಿ ಹನ್ನೊಂದು ತಿಂಗಳಾಯಿತು. ನಿಯಮಗಳು ಹೆಚ್ಚಿಲ್ಲ. ಒಂದು ರಜೆಗೆ ಒಂದೇ ಅಳಿವೆ. ಹೋದಲ್ಲಿ ಭರತದಿಂದ ಇಳಿತದವರೆಗೆ, ಅಂದರೆ ಆರು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು, ಅಲ್ಲಿಯೇ ಇರಬೇಕು. ಮರಳುದಿಣ್ಣೆಯ ಆಕಾರವನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಬೇಕು. ಈವರೆಗೆ ಐದು ಅಳಿವೆಗಳ ಚಿತ್ರ ಪುಸ್ತಕದಲ್ಲಿದೆ.

ಇದಕ್ಕೆಲ್ಲ ಕಾರಣ ಅಮ್ಮ. ಅವಳಿಗೆ ಎಪ್ಪತ್ತೊಂದು. ಬಸ್ಸು ಸೇತುವೆ ಹತ್ತಿದ ಕೂಡಲೇ ಕಿಟಕಿಯಿಂದ ಹೊಳೆಗೆ ಒಂದು ನಾಣ್ಯ ಎಸೆದು ಕೈಮುಗಿಯುವುದು ಅವಳ ರೂಢಿ. ಮಂಗಳೂರಿನಿಂದ ಉಡುಪಿಗೆ ಬರುವಾಗ ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ ಎಂದು ನಾಲ್ಕು ನಾಣ್ಯಗಳನ್ನು ಮೊದಲೇ ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಾಳೆ. ಕಳೆದ ವರ್ಷ ದೀಪಾವಳಿ ಮುಗಿಸಿ ಹಿಂದಿರುಗುವಾಗ ಮೂಲ್ಕಿ ಸೇತುವೆಯಲ್ಲಿ ನಾಣ್ಯ ಎಸೆದವಳು ನನ್ನತ್ತ ತಿರುಗಿ, "ಇದು ಕಡಲು ಸೇರುವ ಜಾಗ ನೀನು ನೋಡಿದ್ದೀಯಾ?" ಎಂದು ಕೇಳಿದಳು. ನೋಡಿರಲಿಲ್ಲ. ಇದೇ ರಸ್ತೆಯಲ್ಲಿ ನಾನು ಓಡಾಡುತ್ತಿರುವುದು ಮೂವತ್ತು ವರ್ಷಗಳಿಂದ.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಮ್ಮ ಮನೆಯಲ್ಲಿ ವರ್ಷಕ್ಕೊಂದು ಪ್ರವಾಸ ತಪ್ಪಿದ್ದಿಲ್ಲ. ಊಟಿ, ಮುನ್ನಾರ್, ಹಂಪಿ, ಬಾದಾಮಿ, ಗೋವಾ ಎಲ್ಲವೂ ಆಗಿದೆ. ನಾಲ್ಕು ದಿನಗಳಲ್ಲಿ ಹನ್ನೊಂದು ಸ್ಥಳಗಳ ಪಟ್ಟಿ ಹಾಕಿ, ಬೆಳಗಿನ ಜಾವ ಹೊರಟು, ನಡುರಾತ್ರಿ ವಸತಿಗೃಹ ಸೇರಿ, ಮರುದಿನ ಮತ್ತೆ ಹೊರಡುವುದು. ಹಂಪಿಯ ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಳ್ಳಲು ಸರದಿಯಲ್ಲಿ ನಿಂತದ್ದು ನೆನಪಿದೆ, ರಥದ ಚಕ್ರದ ಕೆತ್ತನೆ ನೆನಪಿಲ್ಲ. ಆ ಪ್ರವಾಸಗಳಲ್ಲಿ ಸಂತೋಷ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ವ್ಯಾನಿನಲ್ಲಿ ಎಲ್ಲರೂ ಒಟ್ಟಿಗೆ ಹಾಡಿದ್ದು ಈಗಲೂ ಪ್ರಿಯ. ಆದರೆ ನೋಡಿದ ಊರುಗಳಲ್ಲಿ ಯಾವುದರ ಬಗ್ಗೆಯೂ ಮಾತನಾಡುವಷ್ಟು ನನ್ನಲ್ಲಿ ಉಳಿದಿಲ್ಲ ಎಂಬುದು ಆ ರಾತ್ರಿ ಬಹಳ ಕಾಡಿತು.

ನವೆಂಬರ್: ಬೆಂಗ್ರೆ

ಮೊದಲ ಅಳಿವೆ ಮಂಗಳೂರಿನದು. ಬಂದರಿನಿಂದ ದೋಣಿಯಲ್ಲಿ ಕಸಬಾ ಬೆಂಗ್ರೆಗೆ ದಾಟಿದೆ. ಬೆಂಗ್ರೆ ಎಂದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ ಮರಳಿನ ನಾಲಿಗೆ. ನನ್ನ ಬೆನ್ನ ಹಿಂದೆ, ಬಂದರಿನ ದಕ್ಕೆಯಲ್ಲಿ, ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿಗಳು ನಿಂತಿದ್ದವು. ದಿಣ್ಣೆಯ ದಕ್ಷಿಣ ತುದಿಯವರೆಗೆ ನಡೆದಾಗ ಅಲ್ಲಿಯ ಜನ 'ಅಳಿವೆ ಬಾಗಿಲು' ಎನ್ನುವ ಜಾಗ ಕಂಡಿತು. ಉತ್ತರದಿಂದ ಗುರುಪುರ ಹೊಳೆ ದಕ್ಷಿಣಕ್ಕೆ ಹರಿದು ಬರುತ್ತದೆ. ಉಳ್ಳಾಲದ ಕಡೆಯಿಂದ ನೇತ್ರಾವತಿ ಉತ್ತರಕ್ಕೆ ತಿರುಗಿ ಬರುತ್ತದೆ. ಎರಡೂ ಎದುರುಬದುರಾಗಿ ಸೇರಿ, ಒಂದೇ ಬಾಗಿಲಿನಿಂದ ಕಡಲಿಗೆ ಹೋಗುತ್ತವೆ. ಭೂಪಟದಲ್ಲಿ ಇದನ್ನು ನೋಡಿದ್ದೆ. ಆದರೂ ನೇತ್ರಾವತಿಯಂಥ ಹೊಳೆ ಕಡಲಿನ ಹೊಸ್ತಿಲಿಗೆ ಬಂದ ಮೇಲೆ ಮಗ್ಗುಲು ಬದಲಿಸುವುದನ್ನು ಕಣ್ಣಿನಿಂದ ಕಂಡಾಗ ಎದೆ ತುಂಬಿ ಬಂತು.

ಈ ಬಾಗಿಲಿನಲ್ಲಿ ಮರಳು ತುಂಬುತ್ತಲೇ ಇರುತ್ತದೆ. ದೊಡ್ಡ ಹಡಗುಗಳು ಒಳಗೆ ಬರಲಾರವು. ಪಣಂಬೂರಿನಲ್ಲಿ ಹೊಸ ಬಂದರನ್ನು ಕಟ್ಟಿ 1974ರಲ್ಲಿ ತೆರೆಯಬೇಕಾದ ಹಿನ್ನೆಲೆ ಅಲ್ಲಿ ಕುಳಿತಾಗ ತಾನಾಗಿ ಅರ್ಥವಾಯಿತು. ಸುಲ್ತಾನ್ ಬತ್ತೇರಿಯ ಕಲ್ಲಿನ ಬುರುಜನ್ನು ಟಿಪ್ಪು 1784ರಲ್ಲಿ ಕಟ್ಟಿಸಿದ್ದೂ ಇದೇ ಹೊಳೆಯೊಳಗೆ ವೈರಿ ಹಡಗುಗಳು ನುಗ್ಗದಿರಲೆಂದು.

ಆ ದಿನ ಒಂದು ತಪ್ಪಾಯಿತು. ಭರತದ ಸಮಯ ನೋಡದೆ ಹೋಗಿದ್ದೆ. ನಾನು ತಲುಪುವ ಹೊತ್ತಿಗೆ ನೀರು ಅರ್ಧ ಇಳಿದಿತ್ತು, ಅರ್ಧ ಮಾತ್ರ ಸಿಕ್ಕಿತು. ಅಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಕೂರಿಸಿ ಲೆಕ್ಕ ಹೇಳಿಕೊಟ್ಟರು. ಭರತ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಏಳು ದಿನಕ್ಕೆ ಆರು ಗಂಟೆಯ ಹತ್ತಿರ ಸರಿಯುತ್ತದೆ. ಹಾಗಾಗಿ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೀರು ತುಂಬಿದ್ದರೆ ಮುಂದಿನ ಭಾನುವಾರ ಹತ್ತಕ್ಕೆ ಹೆಚ್ಚುಕಡಿಮೆ ಬತ್ತಿರುತ್ತದೆ, ಅದರ ಮುಂದಿನ ಭಾನುವಾರ ಮತ್ತೆ ತುಂಬಿರುತ್ತದೆ. ನನ್ನಂತೆ ಭಾನುವಾರ ಮಾತ್ರ ಬಿಡುವಿರುವವರಿಗೆ ಇದಕ್ಕಿಂತ ಉಪಯುಕ್ತವಾದ ಪಂಚಾಂಗ ಬೇರೆ ಬೇಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ದೊಡ್ಡದು ಎಂದೂ ಅವರು ಹೇಳಿದರು. ಇವೆರಡನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆ.

ಜನವರಿ: ಸಸಿಹಿತ್ಲು

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಮೂಲ್ಕಿ ಸೇತುವೆಯಡಿ ಹರಿಯುವ ಶಾಂಭವಿಯೂ ಪಾವಂಜೆಯ ನಂದಿನಿಯೂ ಸಸಿಹಿತ್ಲಿನ ಉತ್ತರ ತುದಿಯಲ್ಲಿ ಕೂಡುತ್ತವೆ. ಎದುರು ದಡದಲ್ಲಿ ಹೆಜಮಾಡಿ ಕೋಡಿ. ಜನರಿಗೆ ಈ ಊರು ಅಲೆಸವಾರಿಯಿಂದ, ಅಂದರೆ ಸರ್ಫಿಂಗಿನಿಂದ, ಪರಿಚಯ. 2016ರಲ್ಲಿ ಅದರ ರಾಷ್ಟ್ರಮಟ್ಟದ ಸ್ಪರ್ಧೆ ಇಲ್ಲಿಯೇ ನಡೆದಿತ್ತು. ನಾನು ನೋಡಿದ್ದು ಬೇರೆ. ಕಡಲಿನ ಕಡೆ ಮರಳು ಕುಸಿದು, ಗಾಳಿಮರಗಳ ಬೇರು ಹೊರಗೆ ಬಂದು, ಕೆಲವು ಮರಗಳು ಅಡ್ಡ ಬಿದ್ದಿದ್ದವು. ಹೊಳೆಯ ಕಡೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದರು. ಇಳಿತ ಮುಗಿಯುವ ಒಂದೆರಡು ಗಂಟೆ ಮಾತ್ರ ಅವರ ಕೆಲಸದ ಸಮಯ. ನೀರು ತಿರುಗಿದ್ದನ್ನು ನನಗಿಂತ ಮೊದಲು ಅವರ ಕಾಲು ತಿಳಿಯಿತು. ಒಬ್ಬರು ಬುಟ್ಟಿ ಎತ್ತಿದರು, ಉಳಿದವರೂ ಎತ್ತಿದರು, ಐದೇ ನಿಮಿಷದಲ್ಲಿ ಆ ಜಾಗ ಖಾಲಿ.

ಹೊರಡುವಾಗ ಸ್ಕೂಟರಿನ ಹಿಂದಿನ ಚಕ್ರ ಮರಳಿನಲ್ಲಿ ಹೂತುಹೋಯಿತು. ಇಬ್ಬರು ಹುಡುಗರು ಓಡಿಬಂದು ಎತ್ತಿಕೊಟ್ಟರು. ಹಣ ಕೊಡಹೋದರೆ ಕೈ ಹಿಂದಕ್ಕೆ ತೆಗೆದುಕೊಂಡು, "ಬೇಡಕ್ಕ, ಇನ್ನೊಮ್ಮೆ ಬರುವಾಗ ಗಾಡಿಯನ್ನು ಅಂಗಡಿಯ ಹತ್ತಿರವೇ ನಿಲ್ಲಿಸಿ" ಎಂದರು. ಈಗ ಎಲ್ಲಿಯೇ ಹೋದರೂ ಡಾಂಬರು ಮುಗಿಯುವಲ್ಲಿಯೇ ಗಾಡಿ ನಿಲ್ಲಿಸುತ್ತೇನೆ.

ಇದೇ ತಿಂಗಳ ಕೊನೆಯಲ್ಲಿ ಮಲ್ಪೆಯ ಪಡುಕೆರೆಯೂ ಆಯಿತು. ಮನೆಯಿಂದ ಅರ್ಧ ಗಂಟೆಯ ದಾರಿ, ಎಷ್ಟೋ ಸಲ ಹೋದ ಜಾಗ. ಆದರೂ ಉದ್ಯಾವರದ ಹೊಳೆ ಮಟ್ಟುವಿನಿಂದ ಮಲ್ಪೆಯವರೆಗೆ ಕಡಲಿನ ಬೆನ್ನಿಗೇ ಅಂಟಿಕೊಂಡು ಉತ್ತರಕ್ಕೆ ಹರಿಯುತ್ತದೆ ಎಂಬುದು ಚಿತ್ರ ಬರೆಯುವಾಗಲೇ ಹೊಳೆಯಿತು. ಮೂರು ಅಳಿವೆಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೂರೂ ಕಡೆ ಅದೇ ಕಥೆ. ಅಲೆಗಳೂ ದಡದುದ್ದ ಸಾಗುವ ಪ್ರವಾಹವೂ ಮರಳನ್ನು ತಂದು ಹೊಳೆಯ ಬಾಯಿಗೆ ಅಡ್ಡ ಹಾಕುತ್ತವೆ. ದಿಣ್ಣೆ ಬೆಳೆದಷ್ಟೂ ಹೊಳೆ ಅದರ ಹಿಂದೆ ದಾರಿ ಹುಡುಕುತ್ತಾ ಸರಿಯುತ್ತದೆ. ಕೋಡಿ (ಎಂದರೆ ತುದಿ), ಬೆಂಗ್ರೆ ಎಂಬ ಹೆಸರುಗಳು ನಮ್ಮ ಕರಾವಳಿಯಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ.

ಕೋಡಿ ಬೆಂಗ್ರೆ, ಮೂರು ಸಲ

ಒಂದು ಅಳಿವೆಗೆ ಒಂದೇ ಭೇಟಿ ಎಂದುಕೊಂಡಿದ್ದೆ. ಇಲ್ಲಿ ಅದು ಮುರಿಯಿತು, ಮುರಿದದ್ದು ಒಳ್ಳೆಯದೇ ಆಯಿತು.

ಫೆಬ್ರವರಿಯಲ್ಲಿ ಮೊದಲ ಸಲ ಅಮ್ಮನನ್ನೂ ಕರೆದುಕೊಂಡು ಹೋದೆ. ಕೆಮ್ಮಣ್ಣು, ಹೂಡೆ ದಾಟಿದ ಮೇಲೆ ರಸ್ತೆ ಕಿರಿದಾಗುತ್ತಾ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣೆ, ನಡುವೆ ತೆಂಗು, ಮನೆಗಳು, ಒಣಗಲು ಹಾಕಿದ ಮೀನು. ತುದಿಯಲ್ಲಿ ಸ್ವರ್ಣಾ ಮತ್ತು ಸೀತಾ ಒಂದಾಗಿ ಕಡಲಿಗಿಳಿಯುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ದೋಣಿಯಲ್ಲಿ ದಾಟಿದರೆ ಕೆಲವೇ ನಿಮಿಷ, ರಸ್ತೆಯಲ್ಲಾದರೆ ಕಲ್ಯಾಣಪುರ, ಬ್ರಹ್ಮಾವರ, ಮಾಬುಕಳ ಎಂದು ಸುತ್ತಬೇಕು.

ಉಡುಪಿಯ ನಲ್ಲಿಗಳಿಗೆ ಬಹಳ ವರ್ಷಗಳಿಂದ ಬಂದದ್ದು ಬಜೆ ಅಣೆಕಟ್ಟಿನಲ್ಲಿ ತಡೆದ ಸ್ವರ್ಣೆಯ ನೀರು. ಅಮ್ಮನಿಗೆ ಅದನ್ನು ಹೇಳಿದೆ. "ಹಾಗಾದರೆ ನಾವು ಕುಡಿದು ಬಿಟ್ಟದ್ದು ಇದು" ಎಂದು ಬಹಳ ಹೊತ್ತು ಹೊಳೆಯನ್ನೇ ನೋಡಿದಳು. ಬುತ್ತಿಯಲ್ಲಿ ಸಜ್ಜಿಗೆ, ಅವಲಕ್ಕಿ, ಒಂದು ಗೊನೆಯ ಅರ್ಧ ಬಾಳೆಹಣ್ಣು ಇತ್ತು. ಮಧ್ಯಾಹ್ನದ ಬಿಸಿಲಿಗೆ ತೆಂಗಿನ ನೆರಳಿನಲ್ಲಿ ಚಾಪೆ ಹಾಸಿ ಕುಳಿತೆವು. ನಾಣ್ಯ ಎಸೆಯುತ್ತಾಳೆ ಎಂದು ಕಾದೆ, ಎಸೆಯಲಿಲ್ಲ. ಎದ್ದು ಹೋಗಿ ಹೊಳೆಯ ಕಡೆಯ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ದಿಣ್ಣೆ ದಾಟಿ ಕಡಲಿನ ಕಡೆಯ ನೀರನ್ನೂ ಮುಟ್ಟಿಸಿದಳು. "ಎರಡೂ ಉಪ್ಪೇ" ಎಂದಳು. ಬೇಸಗೆ ಸಮೀಪಿಸಿದಂತೆ ಹೊಳೆಯ ಹರಿವು ಸೊರಗುತ್ತದೆ, ಭರತ ಉಪ್ಪುನೀರನ್ನು ಒಳಕ್ಕೆ ತಳ್ಳುತ್ತದೆ, ದಂಡೆಯ ಬಾವಿಗಳೂ ಉಪ್ಪಾಗುತ್ತವೆ. ಇದನ್ನು ನಾನು ಪತ್ರಿಕೆಯಲ್ಲಿ ಎಷ್ಟೋ ವರ್ಷಗಳಿಂದ ಓದಿದ್ದೇನೆ. ಅಮ್ಮ ಅದನ್ನು ಬೆರಳಿನ ತುದಿಯಲ್ಲಿ ತಂದು ತೋರಿಸಿದಳು.

ಕೊನೆಯ ತೆಂಗಿನ ಮರದ ಬುಡದಿಂದ ಮರಳಿನ ತುದಿಗೆ ಅಂದು ನನ್ನ ಹೆಜ್ಜೆಯಲ್ಲಿ 212.

ಎರಡನೆಯ ಸಲ ಜೂನ್ ಕೊನೆಯ ವಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ದೋಣಿಗಳೆಲ್ಲ ದಡ ಸೇರಿದ್ದವು. ಕೆಂಪು ನೀರು. ತೆಂಗಿನ ಸಿಪ್ಪೆ, ಬಾಳೆಯ ಬುಡ, ಎಲ್ಲಿಯದೋ ತೋಟದ ಅಡಿಕೆ ಹಾಳೆ ತೇಲಿಕೊಂಡು ಬರುತ್ತಿದ್ದವು. ಆಗುಂಬೆಯ ಕಾಡಿನಲ್ಲಿ ಬಿದ್ದ ಮಳೆ ಸೀತೆಯಾಗಿ ಇಲ್ಲಿ ಬಂದು ಕಡಲಿನೊಡನೆ ಸೆಣಸುತ್ತಿತ್ತು. ಎರಡು ಬಣ್ಣಗಳ ನಡುವಿನ ಗೆರೆ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಹೋಗುತ್ತಿತ್ತು. ಮರಳಿಗೆ ಇಳಿಯಲಿಲ್ಲ, ರಸ್ತೆಯ ಕೊನೆಯಿಂದಲೇ ನೋಡಿದೆ. ಎರಡು ಗಂಟೆಯಲ್ಲಿ ಒದ್ದೆಯಾಗಿ ಹಿಂದಿರುಗಿದೆ. ಆರು ಗಂಟೆಯ ನಿಯಮ ಅಂದು ನಡೆಯಲಿಲ್ಲ. ಇದನ್ನು ಓದಿ ಹೋಗುವವರಲ್ಲಿ ಒಂದು ಬೇಡಿಕೆ: ಮಳೆಗಾಲವಿರಲಿ, ಬೇಸಗೆಯಿರಲಿ, ಅಳಿವೆಯಲ್ಲಿ ಈಜಲು ಇಳಿಯಬೇಡಿ. ಇಳಿತದ ಹೊತ್ತಿನಲ್ಲಿ ಹೊಳೆಯೂ ಭರತದ ನೀರೂ ಒಟ್ಟಾಗಿ ಹೊರಗೆ ನುಗ್ಗುತ್ತವೆ, ಮೇಲಿನಿಂದ ನೋಡಿದರೆ ಅದರ ಬಲ ಗೊತ್ತಾಗುವುದಿಲ್ಲ.

ಮೂರನೆಯದು ಸೆಪ್ಟೆಂಬರ್. ಅದೇ ತೆಂಗಿನ ಮರ, ಅದೇ ಕಾಲು, 147 ಹೆಜ್ಜೆ. ಅರವತ್ತೈದು ಹೆಜ್ಜೆ ಮರಳನ್ನು ಮಳೆಗಾಲ ಕೊಂಡೊಯ್ದಿತ್ತು. ತುದಿಯೂ ಫೆಬ್ರವರಿಯಲ್ಲಿದ್ದಂತೆ ಚೂಪಾಗಿಲ್ಲ, ಮೊಂಡಾಗಿದೆ. ಅಲ್ಲಿಯ ಅಂಗಡಿಯಾಕೆ, "ಡಿಸೆಂಬರಿಗೆ ಮತ್ತೆ ಬರುತ್ತದೆ" ಎಂದರು, ನೆಂಟರ ಬಗ್ಗೆ ಹೇಳುವಂತೆ. ಅಮ್ಮ ಮತ್ತೆ ನೀರು ನೋಡಿದಳು. ಹೊಳೆಯ ಕಡೆ ಈ ಸಲ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅವಳ ಮುಖ ಅರಳಿದ್ದನ್ನು ಹೇಗೆ ಬರೆಯಲಿ? ಕಾಶಿಗೆ ಕರೆದುಕೊಂಡು ಹೋದಾಗಲೂ ಅಷ್ಟು ಹಿಗ್ಗನ್ನು ನಾನು ಕಂಡಿರಲಿಲ್ಲ.

ಅಕ್ಟೋಬರ್: ಗಂಗೊಳ್ಳಿ

ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ, ಐದು ಹೊಳೆಗಳು ಸೇರಿ ಪಂಚಗಂಗಾವಳಿ. ಕುಂದಾಪುರದ ಕೋಡಿಯಿಂದ ಗಂಗೊಳ್ಳಿಯ ಬಂದರು ಎದುರಿಗೇ ಕಾಣುತ್ತದೆ, ಮಾತು ಕೇಳಿಸುವಷ್ಟು ಹತ್ತಿರ ಎನಿಸುತ್ತದೆ. ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಎಂದು ದೊಡ್ಡ ಸುತ್ತು. ನಾವು ಬೆಳಗಿನ ಭರತವನ್ನು ಕೋಡಿಯಲ್ಲಿ ನೋಡಿದೆವು, ಸಂಜೆಯ ಇಳಿತವನ್ನು ಗಂಗೊಳ್ಳಿಯಲ್ಲಿ. ನಡುವಿನ ಹೊತ್ತಿನಲ್ಲಿ ಮರವಂತೆಗೆ ಹೋದೆವು. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಎಲ್ಲ ಪ್ರವಾಸಿಗರೂ ಇಳಿಯುವ ಜಾಗ, ನಾವೂ ಗೋವಾಕ್ಕೆ ಹೋಗುವಾಗ ಹತ್ತು ನಿಮಿಷ ಇಳಿದಿದ್ದೆವು. ಆಗ ಇದು ಒಂದು ಸುಂದರ ನೋಟ ಮಾತ್ರ. ಕೊಲ್ಲೂರಿನ ಕಡೆಯಿಂದ ಇಷ್ಟು ದೂರ ಬಂದ ಹೊಳೆ, ಒಂದು ರಸ್ತೆಯ ಅಗಲದಷ್ಟು ಹತ್ತಿರ ಬಂದು, ಕಡಲಿಗೆ ಬೆನ್ನು ತಿರುಗಿಸಿ ದಕ್ಷಿಣಕ್ಕೆ ಹೋಗಿ ಗಂಗೊಳ್ಳಿಯಲ್ಲಿ ಸೇರುತ್ತದೆ ಎಂಬುದು ಈ ಸಲ ತಿಳಿದಿತ್ತು. ಬೆಳಿಗ್ಗೆ ಆ ಕೊನೆಯನ್ನು ನೋಡಿ ಬಂದಿದ್ದೆವಲ್ಲ, ಅಮ್ಮ ರಸ್ತೆಯ ಹೊಳೆಯ ಪಕ್ಕವೇ ನಿಂತಳು, ಕಡಲಿನ ಕಡೆ ತಿರುಗಲೇ ಇಲ್ಲ.

ಕತ್ತಲಾದ ಮೇಲೆ ಬಸ್ಸಿನಲ್ಲಿ ಹಿಂದಿರುಗಿದೆವು. ಮಾಬುಕಳ ಸೇತುವೆಯಲ್ಲಿ ಅಮ್ಮ ಎಂದಿನಂತೆ ಕಿಟಕಿ ಸರಿಸಿ ನಾಣ್ಯ ಎಸೆದಳು. ಮುಂದಿನ ಸೀಟಿನ ಪುಟ್ಟ ಹುಡುಗಿ ಹಿಂದಿರುಗಿ ನೋಡಿ, "ಅಜ್ಜಿ, ದುಡ್ಡು ಎಲ್ಲಿಗೆ ಹೋಯಿತು?" ಎಂದು ಕೇಳಿತು. "ಇದು ಸೀತಾ ಹೊಳೆ ಮಗೂ. ಇಲ್ಲಿಂದ ಕೆಳಗೆ ಹಂಗಾರಕಟ್ಟೆ, ಅಲ್ಲಿ ಇವಳ ಜೊತೆಗೆ ಸ್ವರ್ಣಾ ಸೇರುತ್ತಾಳೆ. ಆಮೇಲೆ ಒಂದು ಮರಳಿನ ಕೋಡು ಇದೆ, ಅದನ್ನು ಬಳಸಿ ಇಬ್ಬರೂ ಕಡಲಿಗೆ" ಎಂದು ಅಮ್ಮ ಕೈಯಾಡಿಸಿ ಹೇಳುತ್ತಾ ಹೋದಳು. ಕಲ್ಯಾಣಪುರದ ಸೇತುವೆ ಬಂದಾಗ ಹುಡುಗಿಯ ಕೈಗೂ ಒಂದು ನಾಣ್ಯ ಕೊಟ್ಟಳು.

ಮುಂದಿನದು

ಬೈಂದೂರಿನ ಸೋಮೇಶ್ವರದ ಬಳಿ ಸುಮನಾ ಕಡಲು ಸೇರುವ ಜಾಗ. ಅಕ್ಟೋಬರಿನ ಕೊನೆಯ ಭಾನುವಾರ ಬೆಳಿಗ್ಗೆ ನೀರು ಇಳಿದಿರುತ್ತದೆ, ಆದ್ದರಿಂದ ಅದರ ಮುಂದಿನ ಭಾನುವಾರವನ್ನು ಗುರುತು ಹಾಕಿದ್ದೇನೆ. ಡಿಸೆಂಬರಿನಲ್ಲಿ ಕೋಡಿ ಬೆಂಗ್ರೆಗೆ ನಾಲ್ಕನೆಯ ಭೇಟಿ, ಹೆಜ್ಜೆ ಎಣಿಸಲು. ಈ ವರ್ಷದ ಕುಟುಂಬದ ಪ್ರವಾಸಕ್ಕೆ ತಮ್ಮ ಕೇರಳದ ಎಂಟು ಸ್ಥಳಗಳ ಪಟ್ಟಿ ಕಳುಹಿಸಿದ್ದಾನೆ. ಅದರಲ್ಲಿ ಎರಡನ್ನು ಮಾತ್ರ ಉಳಿಸಿ ಹಿಂದಕ್ಕೆ ಕಳುಹಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.